ಹಬ್ಬದೂಟಕ್ಕೆ ಬಂದ ಸೀಸರ್

ಈ ಸಲದ ದೀಪಾವಳಿ ಊಟಕ್ಕೆ ನಮ್ಮ ನೈರೋಬಿಯ ಕನ್ನಡ ಕೂಟದಲ್ಲಿ ಇಬ್ಬರು ವಿಶೇಷ ಅತಿಥಿಗಳಿದ್ದರು. ಒಬ್ಬರು ನಾನು ಕರೆದುಕೊಂಡು ಹೋದವರು. ಇನ್ನೊಬ್ಬ ಮಿಸ್ಟರ್ ಪ್ರಭಾಕರ್ ಕರೆದುಕೊಂಡು ಬಂದವನು. ನನ್ನ ಅತಿಥಿಗೆ ಎರಡು ಕಾಲು, ಅವರ ಅತಿಥಿಗೆ ನಾಲ್ಕು. ಹೊಟ್ಟೆ ತುಂಬ ಉಂಡು ಹೋದದ್ದು ನಾಲ್ಕು ಕಾಲಿನವನು ಮಾತ್ರ.

ಅವನ ಹೆಸರು ಸೀಸರ್. ಅಲ್ಸೇಷಿಯನ್ ನಾಯಿ. ಕೂತರೆ ನನ್ನ ಸೊಂಟದೆತ್ತರ ಬರುತ್ತಾನೆ. ಬಾಲದ ಒಂದು ಬೀಸಿಗೆ ಟೀಪಾಯಿಯ ಮೇಲಿನ ಲೋಟಗಳೆಲ್ಲ ನೆಲಕ್ಕೆ.

(ನಾಯಿದ್ವೇಷಿ ಎಂದು ಕಾಗದ ಬರೆಯಲು ಈಗಲೇ ಪೆನ್ನು ತೆಗೆದವರು ದಯವಿಟ್ಟು ಕೆಳಗಿಡಿ. ನಮ್ಮ ಮನೆಯಲ್ಲೂ ಒಂದು ನಾಯಿ ಇದೆ. ಮುದಿಯಾಗಿದೆ. ಗೇಟು ದಾಟಿ ಹೊರಗೆ ಹೋಗುವ ಆಸೆ ಅದಕ್ಕೂ ಇಲ್ಲ, ಕರೆದುಕೊಂಡು ಹೋಗುವ ಆಸೆ ನನಗೂ ಇಲ್ಲ.)

ಪ್ರಭಾಕರ್ ಮೈಸೂರಿನವರು. ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿಯಲ್ಲಿ ಮ್ಯಾನೇಜರ್. ಹೆಂಡತಿ ವತ್ಸಲಾ, ಚೆನ್ನಾಗಿ ಹಾಡುತ್ತಾರೆ, ಒಳ್ಳೆಯ ಹೆಂಗಸು. ಕಳೆದ ವರ್ಷ ಇವರ ಮನೆಗೆ ಕಳ್ಳರು ನುಗ್ಗಿದ್ದರು. ಕೈಯಲ್ಲಿ ಮಚ್ಚು. ವತ್ಸಲಾ ಒಬ್ಬರೇ ಇದ್ದರು. ಸೀಸರ್ ಇಲ್ಲದಿದ್ದರೆ ಅವರು ಇವತ್ತು ಇರುತ್ತಿರಲಿಲ್ಲ. ಇದು ಉತ್ಪ್ರೇಕ್ಷೆಯಲ್ಲ, ನೈರೋಬಿಯಲ್ಲಿರುವ ಯಾರೂ ಇದನ್ನು ಉತ್ಪ್ರೇಕ್ಷೆ ಅನ್ನುವುದಿಲ್ಲ. ಅಂದಿನಿಂದ ವತ್ಸಲಾ ಸೀಸರ್‌ನನ್ನು ಬಿಟ್ಟು ಎಲ್ಲಿಗೂ ಹೊರಡುವುದಿಲ್ಲ.

ಎಲ್ಲಿಗೂ ಅಂದರೆ ನಿಜವಾಗಿಯೂ ಎಲ್ಲಿಗೂ! ವೆಸ್ಟ್‌ಲ್ಯಾಂಡ್ಸ್‌ನ ತರಕಾರಿ ಅಂಗಡಿಗೆ ಸೀಸರ್ ಬರುತ್ತಾನೆ, ಕೊತ್ತಂಬರಿ ಕಟ್ಟಿಗೆ ಮೂಗು ಹಚ್ಚುತ್ತಾನೆ. ಬ್ಯಾಂಕಿಗೆ ಬರುತ್ತಾನೆ. ಒಬ್ಬರ ಮನೆಯ ಸತ್ಯನಾರಾಯಣ ಪೂಜೆಗೆ ಬಂದು ಮಂಟಪದ ಪಕ್ಕದಲ್ಲೇ ಮಲಗಿದ್ದ. ಅಡಿಗೆಮನೆಗೆ ಬೇರೆ ಜಾತಿಯವರು ಕಾಲಿಟ್ಟರೆ ಮುಖ ಸಿಂಡರಿಸುವ ನಮ್ಮ ಹಿರಿಯ ಹೆಂಗಸರು, ಅವನಿಗೆ ಸಪಾದಭಕ್ಷ್ಯ ಉಂಡೆ ಕಟ್ಟಿ ತಿನ್ನಿಸಿದರು. ಹರ್ಲಿಂಗ್‌ಹ್ಯಾಮ್‌ನ ಒಂದು ಕ್ಲಿನಿಕ್ಕಿನಲ್ಲಿ ನಾನು ಜ್ವರ ಬಂದು ಕೂತಿದ್ದಾಗ ವತ್ಸಲಾ ಅವನನ್ನು ವೇಟಿಂಗ್ ರೂಮಿಗೇ ಕರೆತಂದರು. ತಾಯಿಯ ತೊಡೆಯ ಮೇಲೆ ಮಲಗಿದ್ದ ಒಂದು ಗುಜರಾತಿ ಮಗು ಚಿಟಾರನೆ ಚೀರಿತು. ರಿಸೆಪ್ಷನ್ನಿನಲ್ಲಿದ್ದ ಕೀನ್ಯಾದ ಹುಡುಗಿ ಎದ್ದು ಒಳಗೆ ಹೋದವಳು ನಾಯಿ ಹೋಗುವವರೆಗೆ ಹೊರಗೆ ಬರಲಿಲ್ಲ. ಅವಳಿಗೆ ನಾಯಿ ಕಂಡರೆ ಭಯವೇನೋ ಅಂದುಕೊಂಡೆ.

"ಅದು ಯಾರಿಗೂ ಏನೂ ಮಾಡಲ್ಲ ಮೇಡಂ," ಅಂದರು ವತ್ಸಲಾ.

ನಾಯಿ ಸಾಕಿದವರೆಲ್ಲ ಹೇಳುವ ಮಾತು ಇದು. ನಿಮ್ಮ ಬೆಂಗಳೂರಿನಲ್ಲೂ ಪಾರ್ಕಿನಲ್ಲಿ, ಲಿಫ್ಟಿನಲ್ಲಿ ಇದನ್ನೇ ಹೇಳುತ್ತಾರೆ, ಹೌದೋ ಅಲ್ಲವೋ? ನಾಯಿಯ ಪರವಾಗಿ ಜಾಮೀನು ಕೊಡುವವರಿಗೆ ಒಂದು ಅನುಕೂಲವಿದೆ. ಕಚ್ಚಿಸಿಕೊಳ್ಳುವವರು ಯಾವಾಗಲೂ ಬೇರೆಯವರು.

ಈಗ ನನ್ನ ಅತಿಥಿಯ ವಿಷಯ. ಮಿಸೆಸ್ ವಂಬುಯಿ ನಾನು ಕೆಲಸ ಮಾಡುವ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಗಣಿತದ ಟೀಚರ್. ಕಿಕುಯು ಜನಾಂಗದವರು. ನನಗಿಂತ ಹಿರಿಯರು. ಮಕ್ಕಳಷ್ಟೇ ಅಲ್ಲ, ಸ್ಕೂಲಿನ ಎದುರು ಮಟಾಟು ವ್ಯಾನು ನಿಲ್ಲಿಸುವ ಕಂಡಕ್ಟರ್‌ಗಳೂ ಅವರನ್ನು 'ಮ್ವಾಲಿಮು', ಅಂದರೆ ಟೀಚರ್, ಎಂದೇ ಕರೆದು ಸೀಟು ಬಿಡುತ್ತಾರೆ. ನಮ್ಮ ಅಮ್ಮ ತುಮಕೂರಿನಲ್ಲಿ ತೀರಿಕೊಂಡಾಗ ನನಗೆ ವಿಮಾನದ ಟಿಕೆಟ್ ಸಿಗಲಿಲ್ಲ. ಮುಖ ನೋಡಲಾಗಲಿಲ್ಲ. ಆಗ ದಿನವೂ ಸಂಜೆ ಬಂದು ನನ್ನ ಪಕ್ಕ ಕೂತಿದ್ದವರು ವಂಬುಯಿ. ಮಾತಿಲ್ಲ, ಉಪದೇಶವಿಲ್ಲ. ಬರುವಾಗ ಬಾಳೆಹಣ್ಣೋ ಗೆಣಸೋ ಇರುತ್ತಿತ್ತು. ಸುಮ್ಮನೆ ಕೂರುವುದು, ಕತ್ತಲಾಗುವ ಹೊತ್ತಿಗೆ ಎದ್ದು ಹೋಗುವುದು. ನನ್ನ ಕ್ಲಾಸುಗಳನ್ನೂ ಅವರೇ ತೆಗೆದುಕೊಂಡರು ಎಂದು ನನಗೆ ಗೊತ್ತಾದದ್ದು ಆಮೇಲೆ.

ಅವರ ಮಗಳ ಮದುವೆಗೆ ನಾನು ಹೋಗಿದ್ದೆ. ನ್ಯೇರಿಯ ಕಡೆ ಒಂದು ಊರು. ಅಷ್ಟು ಜನರ ನಡುವೆ ಭಾರತದವಳು ನಾನೊಬ್ಬಳೇ. ನನ್ನನ್ನು ಮುಂದಿನ ಸಾಲಿನಲ್ಲಿ, ಮದುಮಗಳ ಅಜ್ಜಿಯ ಪಕ್ಕ ಕೂರಿಸಿದರು. ಮಾಂಸ ತಿನ್ನುವುದಿಲ್ಲ ಎಂದು ಗೊತ್ತಾಗಿ, ಯಾರೋ ಅತ್ತೆ ನನಗೊಬ್ಬಳಿಗಾಗಿ ಬೇರೆ ಪಾತ್ರೆಯಲ್ಲಿ ಮುಸುಕಿನ ಜೋಳ, ಬೀನ್ಸ್ ಕಾಳು, ಸೊಪ್ಪು ಬೇಯಿಸಿ ತಂದರು. ಅಜ್ಜಿ ನನ್ನ ಬಳೆ ತಿರುಗಿಸಿ ತಿರುಗಿಸಿ ನೋಡಿ, ಏನೋ ಹೇಳಿ ನಕ್ಕರು. ನಾನೂ ನಕ್ಕೆ. ಅಷ್ಟೇ ಸಾಕಾಗಿತ್ತು.

ಅದಕ್ಕೇ ಈ ದೀಪಾವಳಿಗೆ ಬನ್ನಿ ಎಂದು ಅವರನ್ನು ಕರೆದೆ. ಅವರು ಖುಷಿಪಟ್ಟದ್ದನ್ನು ನೀವು ನೋಡಬೇಕಿತ್ತು. ಸೀರೆ ಉಟ್ಟುಕೊಂಡೇ ಬರುತ್ತೇನೆ ಎಂದು ಹಟ. ಬೆಳಿಗ್ಗೆ ಅವರ ಮನೆಗೆ ಹೋಗಿ ನನ್ನ ನೀಲಿ ಮೈಸೂರು ಸಿಲ್ಕ್ ಉಡಿಸಿದೆ. ಕನ್ನಡಿಯ ಮುಂದೆ ಅತ್ತ ಇತ್ತ ತಿರುಗಿ, "ನನ್ನ ಗಂಡ ಬದುಕಿದ್ದಿದ್ದರೆ ಇನ್ನೊಂದು ಸಲ ಮದುವೆಯಾಗುತ್ತಿದ್ದ" ಎಂದು ಇಂಗ್ಲಿಷಿನಲ್ಲಿ ಹೇಳಿ ಗಹಗಹಿಸಿದರು. ಕಾರಿನಲ್ಲಿ ಕೂತು ದಾರಿಯುದ್ದಕ್ಕೂ ಎರಡು ಕನ್ನಡ ಮಾತು ಬಾಯಿಪಾಠ ಮಾಡಿಕೊಂಡರು. ಒಂದು, ನಮಸ್ಕಾರ. ಇನ್ನೊಂದು, ಊಟ ಆಯ್ತಾ?

ವೆಸ್ಟ್‌ಲ್ಯಾಂಡ್ಸ್‌ನಲ್ಲಿ ನಾವು ಬಾಡಿಗೆಗೆ ಹಿಡಿಯುವ ಹಾಲ್ ಒಂದಿದೆ. ಒಳಗೆ ಬಿಸಿಬೇಳೆಬಾತಿನ ಘಮಘಮ. ಹೋಳಿಗೆ ಇನ್ನೂ ತಟ್ಟೆಗೆ ಬೀಳುತ್ತಿತ್ತು. ಹೆಂಗಸರ ರೇಷ್ಮೆ, ಗಂಡಸರ ಜೋಕು, ಕನ್ನಡದಲ್ಲಿ ಕರೆದರೆ ಇಂಗ್ಲಿಷಿನಲ್ಲಿ ಓಗೊಡುವ ಮಕ್ಕಳು. ನಡುವೆ ಸೀಸರ್. ಅವನನ್ನು ಒಂದು ಮಡಚುವ ಕುರ್ಚಿಗೆ ಕಟ್ಟಿದ್ದರು. ಮಕ್ಕಳು ಪೂರಿ ಹರಿದು ಅವನ ಬಾಯಿಗೆ ಹಾಕುತ್ತಿದ್ದರು. ಒಬ್ಬಳು ಅವನ ಕಿವಿ ಎಳೆಯುತ್ತಿದ್ದಳು. ಅವನು ಕಣ್ಣು ಮುಚ್ಚಿ ಸುಖಪಡುತ್ತಿದ್ದ.

ವಂಬುಯಿ ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಎರಡೂ ಕೈ ಜೋಡಿಸಿ, ತಲೆ ಬಗ್ಗಿಸಿ, ಎದುರಿಗಿದ್ದವರಿಗೆಲ್ಲ ಕೇಳುವಂತೆ "ನಮಸ್ಕಾರ" ಅಂದರು.

ಸೀಸರ್ ಕಣ್ಣು ಬಿಟ್ಟ.

ಬೊಗಳಲಿಲ್ಲ. ಬೊಗಳಿದ್ದರೆ ನಾವು ಹಿಂದೆ ಸರಿಯುತ್ತಿದ್ದೆವು. ಕುರ್ಚಿಯನ್ನೂ ಎಳೆದುಕೊಂಡು ಮಕ್ಕಳ ನಡುವಿನಿಂದ ನುಗ್ಗಿ ಬಂದ. ಯಾವ ಮಗುವನ್ನೂ ಮುಟ್ಟಲಿಲ್ಲ. ನನ್ನನ್ನು ಮುಟ್ಟಲಿಲ್ಲ. ಜೋಡಿಸಿದ ಆ ಕೈಗಳ ಮೇಲೆಯೇ ಹಾರಿದ. ವಂಬುಯಿ ಬಿದ್ದರು. ಅವರ ಬಲ ಮುಂದೋಳು ಅವನ ಬಾಯಲ್ಲಿತ್ತು. ಪ್ರಭಾಕರ್ ಓಡಿ ಬಂದು ಕಾಲರ್ ಹಿಡಿದು ಜಗ್ಗುವವರೆಗೂ ಬಿಡಲಿಲ್ಲ.

ಡಾಕ್ಟರ್ ಲೋಬೊ ಎಂದು ಮಂಗಳೂರಿನವರು ಒಬ್ಬರಿದ್ದಾರೆ, ನಮ್ಮ ಕೂಟಕ್ಕೆ ತಪ್ಪದೆ ಬರುವವರು. ಅವರು ಊಟದ ತಟ್ಟೆಯನ್ನು ಅಲ್ಲೇ ನೆಲಕ್ಕಿಟ್ಟು ಬಂದರು. ವಂಬುಯಿಯನ್ನು ಎಬ್ಬಿಸಿ ಕೈ ತೊಳೆಯುವ ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ, ಸೋಪು ಹಚ್ಚಿ ಹಚ್ಚಿ ಗಾಯ ತೊಳೆದರು. ತುಂಬ ಹೊತ್ತು ತೊಳೆದರು. ವಂಬುಯಿ ಅಳಲಿಲ್ಲ. ತುಟಿ ಕಚ್ಚಿಕೊಂಡು ಗೋಡೆ ನೋಡುತ್ತಿದ್ದರು. ತೊಟ್ಟಿಯಲ್ಲಿ ಕೆಂಪು ನೀರು ಇಳಿದು ಹೋಗುತ್ತಿತ್ತು.

ಅಷ್ಟು ಹೊತ್ತಿಗೆ ನಮ್ಮವರು ನನ್ನ ಸುತ್ತ ನೆರೆದರು. ನನ್ನ ಸುತ್ತ! ಕಚ್ಚಿಸಿಕೊಂಡವರ ಸುತ್ತ ಅಲ್ಲ.

"ಸಾರಿ ಕಣ್ರೀ, ಪಾಪ, ನಿಮ್ಮ ಗೆಸ್ಟ್ ಅಲ್ವಾ?"

"ಇದು ನಿಮ್ಮ ಸೀರೆ ತಾನೇ? ಅಯ್ಯೋ, ಎಂಥಾ ಸಿಲ್ಕು! ರಕ್ತದ ಕಲೆ ಹೋಗಲ್ವಲ್ರೀ."

ವತ್ಸಲಾ ಮೂಲೆಯಲ್ಲಿ ಮಂಡಿಯೂರಿ ಸೀಸರ್‌ನ ಕುತ್ತಿಗೆ ತಬ್ಬಿಕೊಂಡಿದ್ದರು. "ಹೆದರಿಬಿಟ್ಟಿದಾನೆ ಪಾಪ, ನೋಡಿ ಹೇಗೆ ನಡುಗ್ತಿದಾನೆ," ಅನ್ನುತ್ತಿದ್ದರು.

ಈ ದೇಶದಲ್ಲಿ 'ಪೋಲೆ' ಎಂದು ಒಂದು ಮಾತಿದೆ. ಎದುರಿನವರು ಎಡವಿದರೂ ಅನ್ನುತ್ತಾರೆ, ಕೆಮ್ಮಿದರೂ ಅನ್ನುತ್ತಾರೆ. ನಿಮಗೆ ಹೀಗಾಯಿತಲ್ಲ, ಪಾಪ, ಎಂಬ ಅರ್ಥ. ತಪ್ಪು ಯಾರದು ಎಂಬ ಲೆಕ್ಕಾಚಾರ ಅದರಲ್ಲಿಲ್ಲ. ಇಲ್ಲಿ ಬಂದಿಳಿದ ವಾರದಲ್ಲೇ ನಾವೆಲ್ಲ ಕಲಿಯುವ ಮಾತು. ಅಷ್ಟು ದೊಡ್ಡ ಹಾಲಿನಲ್ಲಿ ವಂಬುಯಿಯವರಿಗೆ ಆ ಒಂದು ಮಾತು ಅಂದವರು ಡಾಕ್ಟರ್ ಲೋಬೊ ಒಬ್ಬರೇ.

ಅವರು ಪ್ರಭಾಕರ್ ಕಡೆ ತಿರುಗಿ ಕೇಳಿದರು, "ನಾಯಿಗೆ ರೇಬೀಸ್ ವ್ಯಾಕ್ಸಿನ್ ಹಾಕಿಸಿದ್ದೀರಾ?"

"ಹಾಕ್ಸಿದೀವಿ ಡಾಕ್ಟ್ರೇ... ಹಾಕ್ಸಿರ್ಬೇಕು. ಹೋದ ವರ್ಷ ಅನ್ಸತ್ತೆ."

"ಅನ್ನಿಸುವುದು ಬೇಡ. ಖಂಡಿತ ಗೊತ್ತುಂಟಾ, ಇಲ್ವಾ?"

"ಮನೇಲಿ ನೋಡಿ ಹೇಳ್ತೀನಿ."

"ಆಯ್ತು. ಆದರೆ ಈ ನಾಯಿಯನ್ನು ಎಲ್ಲಿಗೂ ಕಳಿಸಬೇಡಿ ಮಾರಾಯ್ರೇ. ಸ್ವಲ್ಪ ದಿನ ಕಣ್ಣೆದುರೇ ಇರಲಿ. ಅದು ಹುಷಾರಾಗಿದ್ದರೆ ಇವರಿಗೂ ಹೆದರಿಕೆ ಇಲ್ಲ."

ಪ್ರಭಾಕರ್ ತಲೆಯಾಡಿಸಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿ ಹೇಳಿದರು, "ಮೇಡಂ, ತಪ್ಪು ತಿಳ್ಕೋಬೇಡಿ. ಅದು ಹಾಗೆ ಯಾರ ಮೇಲೂ ಹೋಗಲ್ಲ. ಟ್ರೈನ್ಡ್ ಡಾಗ್. ಮರಿ ಇದ್ದಾಗಲೇ ಒಬ್ಬ ಟ್ರೈನರ್ ಇಲ್ಲಿಯೋನೇ ಒಬ್ಬ ಆಳಿನ ಕೈಗೆ ಕೋಲು ಕೊಟ್ಟು ದಿನಾ ಹೊಡೆಸ್ತಿದ್ದ, ಕೆಣಕಿಸ್ತಿದ್ದ. ಆಮೇಲೆ ನಾವು ಹೋಗಿ ಬಿಸ್ಕತ್ ಕೊಡೋದು. ಹಂಗೆ ಅದಕ್ಕೆ ಯಾರು ನಮ್ಮೋರು, ಯಾರು ಇವರು ಅಂತ ಬಣ್ಣದಲ್ಲೇ ಗೊತ್ತಾಗ್ಬಿಡತ್ತೆ. ಏನೂ ಪರ್ಸನಲ್ ಅಲ್ಲ."

ಏನೂ ಪರ್ಸನಲ್ ಅಲ್ಲ. ಹದಿನಾರು ಹಲ್ಲಿನ ಗುರುತು, ಆದರೂ ಪರ್ಸನಲ್ ಅಲ್ಲ.

ನಾನು ಏನಂದೆ ಎಂದು ಕೇಳುತ್ತೀರಾ? ಏನೂ ಅನ್ನಲಿಲ್ಲ. ವಂಬುಯಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಲೋಬೊ ಅವರ ಜೊತೆ ಹರ್ಲಿಂಗ್‌ಹ್ಯಾಮ್‌ನ ಕ್ಲಿನಿಕ್ಕಿಗೆ ಹೊರಟೆ. ನಾವು ಹೊರಗೆ ಬರುವಾಗ ಹಿಂದಿನಿಂದ ಕೂಟದ ಕಾರ್ಯದರ್ಶಿಯ ದನಿ ಕೇಳಿಸಿತು. "ಬನ್ನಿ ಬನ್ನಿ, ಎಲ್ರೂ ಕೂತ್ಕೊಳ್ಳಿ, ಹೋಳಿಗೆ ಆರೋಗತ್ತೆ."

ದಾರಿಯಲ್ಲಿ ವಂಬುಯಿ ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು. "ಆ ಮಕ್ಕಳು ಅದರ ಕಿವಿ ಎಳೆಯುತ್ತಿದ್ದರು, ಅಲ್ಲವಾ? ನಾನು ನೋಡಿದೆ. ಆ ನಾಯಿ ಕೆಟ್ಟದ್ದಲ್ಲ. ಅದಕ್ಕೆ ಯಾರೋ ಪಾಠ ಹೇಳಿಕೊಟ್ಟಿದ್ದಾರೆ."

ನಾನು ಸ್ಟೀರಿಂಗ್ ಹಿಡಿದುಕೊಂಡು ರಸ್ತೆ ನೋಡಿದೆ. ಪ್ರಭಾಕರ್ ಹೇಳಿದ್ದನ್ನು ಅವರಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಎರಡು ದಿನ ಕಾದೆ. ಪ್ರಭಾಕರ್ ಫೋನ್ ಮಾಡಲಿಲ್ಲ. ನಾನು ಮಾಡಿದರೆ ಎತ್ತಲಿಲ್ಲ. ಸ್ಕೂಲು ಬಿಟ್ಟ ಮೇಲೆ ನೇರ ಅವರ ಮನೆಗೇ ಹೋದೆ. ಗೇಟಿನ ಮೇಲೆ 'ಎಂಬ್ವಾ ಕಾಲಿ' ಎಂಬ ತಗಡಿನ ಬೋರ್ಡು, ನಾಲಿಗೆ ಚಾಚಿದ ನಾಯಿಯ ಚಿತ್ರ. ಉಗ್ರ ನಾಯಿ ಇದೆ, ಎಚ್ಚರಿಕೆ ಎಂದು. (ಬೋರ್ಡು ಗೇಟಿನ ಮೇಲಿರುತ್ತದೆ. ನಾಯಿ ಊರೆಲ್ಲ ಸುತ್ತುತ್ತದೆ. ಅದರ ಕುತ್ತಿಗೆಗೊಂದು ಬೋರ್ಡು ಕಟ್ಟಬೇಕೆಂದು ಯಾರಿಗೂ ಹೊಳೆಯುವುದಿಲ್ಲ.) ಒಳಗೆ ಹೋದರೆ ನಾಯಿಯ ಸುಳಿವಿಲ್ಲ. ಖಾಲಿ ಚೈನು ಬಿದ್ದಿತ್ತು.

"ಸೀಸರ್ ಎಲ್ಲಿ?" ಅಂದೆ.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. "ಒಬ್ಬ ಫ್ರೆಂಡ್ ಫಾರ್ಮಿಗೆ ಕಳಿಸಿದೀವಿ ಮೇಡಂ," ಅಂದರು ಪ್ರಭಾಕರ್. "ನಕುರು ಕಡೆ. ಸ್ವಲ್ಪ ದಿನ ಅಲ್ಲಿರ್ಲಿ ಅಂತ."

"ಡಾಕ್ಟರ್ ಲೋಬೊ ಅಷ್ಟು ಹೇಳಿದ್ರಲ್ಲ, ಕಣ್ಣೆದುರೇ ಇರ್ಲಿ ಅಂತ? ವ್ಯಾಕ್ಸಿನ್ ವಿಷಯ ಏನಾಯ್ತು?"

"ಕಾರ್ಡ್ ಸಿಗ್ತಿಲ್ಲ. ಆ ಲೇಡಿ ಪೊಲೀಸ್‌ಗೆ ಹೋದ್ರೆ ಏನ್ಮಾಡೋದು ಹೇಳಿ? ನಾಯಿನ ಶೂಟ್ ಮಾಡ್ತಾರೆ. ನನ್ನ ವರ್ಕ್ ಪರ್ಮಿಟ್ ರಿನ್ಯೂ ಆಗ್ಬೇಕು. ನೀವೇ ಯೋಚ್ನೆ ಮಾಡಿ."

"ಅವರು ಯಾವ ಪೊಲೀಸ್‌ಗೂ ಹೋಗಿಲ್ಲ. ನಾಯಿನ ನೋಡೋಕಾಗ್ದಿದ್ರೆ ಅವರು ಇಂಜೆಕ್ಷನ್ ಪೂರ್ತಿ ಕೋರ್ಸ್ ತಗೋಬೇಕು, ಗೊತ್ತಾ ನಿಮಗೆ? ಈಗಾಗ್ಲೇ ಶುರು ಮಾಡಿದಾರೆ. ಒಂದ್ಸಲ ಬನ್ನಿ. ನಾನೇ ಕರ್ಕೊಂಡು ಹೋಗ್ತೀನಿ. ಅವರ ಮನೆಗೆ ಹೋಗಿ ಒಂದ್ಮಾತು ಸಾರಿ ಹೇಳಿ, ಸಾಕು."

"ಸಾರಿ ಹೇಳಿದ್ರೆ ತಪ್ಪು ಒಪ್ಕೊಂಡ ಹಾಗಾಗತ್ತೆ ಮೇಡಂ. ಈ ಜನ ಹೇಗೆ ಅಂತ ನಿಮಗೆ ಗೊತ್ತಿಲ್ವಾ?"

"ಯಾವ ಜನ?"

ಕಾಫಿ ತಂದ ವತ್ಸಲಾ ತಟ್ಟೆ ಹಿಡಿದುಕೊಂಡೇ ನಿಂತರು. "ಅವತ್ತು ಅವರು ಬಾಗಿಲು ಒಡೆದಾಗ ನೀವಿರ್ಲಿಲ್ಲ ಅಕ್ಕ," ಅಂದರು. "ನಾನು ಬಾತ್‌ರೂಮಲ್ಲಿ ಚಿಲಕ ಹಾಕ್ಕೊಂಡು ಕೂತಿದ್ದೆ. ಬಾಗಿಲ ಮೇಲೆ ಮಚ್ಚಿನ ಏಟು ಬೀಳ್ತಿತ್ತು. ಇವತ್ತಿಗೂ ಪ್ರತಿ ಏಟೂ ಕಿವೀಲಿದೆ. ಯಾರು ಬಂದ್ರು ನನ್ನ ಕಾಪಾಡೋಕೆ? ಅವನೊಬ್ಬನೇ ಬಂದಿದ್ದು."

ಅವರ ಕಣ್ಣಲ್ಲಿ ನೀರು. ಆ ಭಯ ಸುಳ್ಳಲ್ಲ. ಈ ಊರಿನಲ್ಲಿ ಒಬ್ಬಳೇ ಮನೆಯಲ್ಲಿ ಕೂತು, ಗೇಟು ಸದ್ದಾದರೆ ಎದೆ ಹಿಡಿದುಕೊಳ್ಳುವುದು ನನಗೂ ಗೊತ್ತು.

"ವತ್ಸಲಾ," ಅಂದೆ, "ಅವತ್ತು ಮಚ್ಚು ಹಿಡ್ಕೊಂಡು ಬಂದೋರು ವಂಬುಯಿ ಅಲ್ಲ. ಅವರು ಕೈ ಮುಗ್ಕೊಂಡು ಬಂದೋರು."

ವತ್ಸಲಾ ತಲೆ ತಗ್ಗಿಸಿದರು. ಪ್ರಭಾಕರ್ ಎದ್ದು ನಿಂತು ಗಡಿಯಾರ ನೋಡಿದರು. ಕಾಫಿ ಅಲ್ಲೇ ಉಳಿಯಿತು.

ಸ್ಕೂಲಿನಲ್ಲಿ ಅದು ವಾರ್ಷಿಕ ಪರೀಕ್ಷೆಯ ಸಮಯ. ಬ್ಯಾಂಡೇಜು ಸುತ್ತಿದ ಕೈಯಲ್ಲೇ ವಂಬುಯಿ ಸಾಲುಗಳ ನಡುವೆ ಓಡಾಡುತ್ತಿದ್ದರು. ಗಾಯಕ್ಕೆ ಹೊಲಿಗೆ ಹಾಕುವ ಹಾಗಿರಲಿಲ್ಲ, ತೆರೆದೇ ಮಾಯಬೇಕು. ಇಂಜೆಕ್ಷನ್ ತೆಗೆದುಕೊಂಡ ದಿನ ಜ್ವರ ಬರುತ್ತಿತ್ತು. ಬಲಗೈ ಎತ್ತಲಾಗದೆ ಎಡಗೈಯಲ್ಲಿ ಬೋರ್ಡಿನ ಮೇಲೆ ಬರೆಯಲು ಹೋಗಿ, ಅಕ್ಷರ ಸೊಟ್ಟಗಾಗಿ, ಹುಡುಗಿಯರ ಜೊತೆ ತಾವೂ ನಕ್ಕರು. ಏನಾಯಿತು ಮ್ವಾಲಿಮು ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ. ನಾಯಿ ಕಚ್ಚಿತು. ಯಾರ ನಾಯಿ, ಎಲ್ಲಿ, ಒಂದೂ ಇಲ್ಲ. ನಮ್ಮ ಸ್ಕೂಲಿನಲ್ಲಿ ನಮ್ಮವರ ಹೆಣ್ಣುಮಕ್ಕಳೂ ಓದುತ್ತಾರೆ. ಅವರಲ್ಲಿ ಇಬ್ಬರು ಆ ದಿನ ಹಾಲಿನಲ್ಲಿದ್ದರು. ವಂಬುಯಿ ಅವರ ಮುಖವನ್ನೂ ಎಂದಿನ ಹಾಗೆಯೇ ನೋಡಿದರು. ಮುಖ ತಿರುಗಿಸಿದ್ದು ಆ ಹುಡುಗಿಯರು.

ಒಂದು ದಿನ ಸ್ಟಾಫ್ ರೂಮಿನಲ್ಲಿ ನಾನೇ ಹೇಳಿದೆ, "ಪೊಲೀಸರಿಗೆ ಕಂಪ್ಲೇಂಟ್ ಕೊಡಿ. ನಾನು ಸಾಕ್ಷಿ ಹೇಳುತ್ತೇನೆ."

ಅವರು ಚಹದ ಕಪ್ಪು ಕೆಳಗಿಟ್ಟರು. "ಅಲ್ಲಿ ಮೊದಲನೆಯ ಪ್ರಶ್ನೆ ಏನು ಗೊತ್ತಾ? ಅದು ವಹಿಂದಿಗಳ ಊಟ, ನೀನು ಅಲ್ಲೇಕೆ ಹೋಗಿದ್ದೆ, ಅಂತ. ನಿಮ್ಮ ಜನರೂ ಅದನ್ನೇ ಕೇಳುತ್ತಾರೆ. ಎರಡು ಕಡೆಯವರೂ ಒಂದೇ ಪ್ರಶ್ನೆ ಕೇಳುವಾಗ ನಾನು ಏನು ಹೇಳಲಿ?"

ವಹಿಂದಿ ಅಂದರೆ ನಾವು. ಭಾರತದವರು. ಆ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ನಾನು ನಮ್ಮ ಕೂಟದ ಕಮಿಟಿಗೆ ಒಂದೇ ಕೋರಿಕೆ ಇಟ್ಟೆ. ಇನ್ನು ಮುಂದೆ ಹಾಲಿಗೆ ನಾಯಿ ಬರಬಾರದು. ಅಷ್ಟೇ. ಕ್ಷಮೆ ಬೇಡ, ಚರ್ಚೆ ಬೇಡ. ಊಟದ ಮನೆಗೆ ನಾಯಿ ಬೇಡ ಅನ್ನುವುದಕ್ಕೆ ಕ್ರಾಂತಿಯೇನೂ ಬೇಕಿಲ್ಲ, ಅಲ್ಲವೇ? ಸಭೆ ಸೇರುತ್ತೇವೆ, ನೋಡುತ್ತೇವೆ ಎಂದರು.

ಮೊನ್ನೆ ಮಂಗಳವಾರ ಕಾರ್ಯದರ್ಶಿ ಫೋನ್ ಮಾಡಿದರು. ಸಂಕ್ರಾಂತಿಯ ಊಟಕ್ಕೆ ಕರೆಯುವುದು ನೆಪ.

"ಮೇಡಂ, ಮೀಟಿಂಗಲ್ಲಿ ನಿಮ್ಮ ವಿಷಯ ತುಂಬಾ ಡಿಸ್ಕಸ್ ಆಯ್ತು. ಎಲ್ರೂ ಸೀರಿಯಸ್ಸಾಗಿ ತಗೊಂಡ್ರು. ಇನ್ಮೇಲೆ ಇಂಥದ್ದು ಆಗ್ಬಾರ್ದು ಅಂತ ಒಂದು ರೂಲ್ ಮಾಡಿದೀವಿ."

"ಒಳ್ಳೇದಾಯ್ತು," ಅಂದೆ. "ಏನು ರೂಲು?"

"ಹೊರಗಿನ ಗೆಸ್ಟ್‌ಗಳನ್ನ ಕರ್ಕೊಂಡು ಬರೋದಾದ್ರೆ ಮೊದ್ಲೇ ಕಮಿಟಿಯ ಪರ್ಮಿಷನ್ ತಗೋಬೇಕು."

ನನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಕೇಳಿದೆ. ಅವರು ಇನ್ನೊಮ್ಮೆ ಹೇಳಿದರು. ಅದೇ ರೂಲು.

"ಮತ್ತೆ ನಾಯಿ?"

"ಅದು... ಪ್ರಭಾಕರ್ ನಮ್ಮ ಹಳೇ ಮೆಂಬರ್ ಅಲ್ವಾ ಮೇಡಂ. ವತ್ಸಲಾ ಅವರಿಗೆ ಅದು ಮಗು ಇದ್ದ ಹಾಗೆ. ಅದಕ್ಕೆ ಅಂತ ಬೇರೆ ರೂಲ್ ಮಾಡಿದ್ರೆ ಅವರ ಮನಸ್ಸಿಗೆ ನೋವಾಗತ್ತೆ."

"ಅಂದ್ರೆ ಸೀಸರ್ ಫಾರ್ಮಿಂದ ವಾಪಸ್ ಬಂದಿದಾನೆ?"

"ಹೋದ ವಾರ ಬಂತು. ಆರಾಮಾಗಿದೆ."

ಅವರ ದನಿಯಲ್ಲಿ ಸಲಿಗೆ ಬಂತು.

"ಬೇಜಾರು ಮಾಡ್ಕೋಬೇಡಿ ಮೇಡಂ, ಆದ್ರೆ ಅವತ್ತು ಅವರನ್ನ ಕರ್ಕೊಂಡು ಬರ್ತೀನಿ ಅಂತ ನೀವು ಮೊದ್ಲೇ ಒಂದು ಮಾತು ಹೇಳಿದ್ರೆ ಆಗಿತ್ತು. ನಾಯಿನ ಹಿಂದಿನ ರೂಮಲ್ಲಿ ಕೂಡಿ ಹಾಕ್ತಿದ್ವಿ. ಹಾಲ್ ಕ್ಲೀನ್ ಮಾಡೋ ಹೆಂಗಸರನ್ನ ಸಹ ನಾವು ಸೀಸರ್ ಹೋದ ಮೇಲೇ ಒಳಗೆ ಬಿಡೋದು."

"ಹಾಗಾದ್ರೆ ಅದು ಹೀಗೆ ಅಂತ ನಿಮಗೆ ಮೊದ್ಲೇ ಗೊತ್ತಿತ್ತಾ?"

"ಎಲ್ರಿಗೂ ಗೊತ್ತಿರೋದೇ ಅಲ್ವಾ ಮೇಡಂ! ನಿಮಗೂ ಗೊತ್ತು ಅಂದ್ಕೊಂಡಿದ್ವಿ."

ಫೋನ್ ಇಟ್ಟೆ.

ಅಂದರೆ ಆ ದಿನ ನಮ್ಮವರ ಪೈಕಿ, ತಾನು ಏನು ಮಾಡುತ್ತಿದ್ದೇನೆಂದು ತಿಳಿಯದೆಯೇ ತಪ್ಪು ಮಾಡಿದ್ದು ಆ ನಾಯಿ ಒಂದೇ, ಅಲ್ಲವೇ?